ದಿವಾನಖಾನೆಯ ಹುಡುಗಿ: ಎಡಿತ್ ವಾರ್ಟನ್

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನೆಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಆದರೆ ಈ ಗಾದೆಯನ್ನು ಮೊದಲು ಆಡಿದವನು ಯಾರಿರಬಹುದೆಂದು ಯೋಚಿಸಿದವರು ಕಡಮೆ. ಕೊಡೆಯೇ ಇಲ್ಲದವನಿಗೆ ಇಂಥ ಮಾತು ಹೊಳೆಯಲಾರದು. ಮೂರು ತಲೆಮಾರುಗಳಿಂದ ಮನೆಯ ಮೂಲೆಯಲ್ಲಿ ಕೊಡೆಯಿದ್ದು, ಅದನ್ನು ಯಾವ ಹೊತ್ತಿನಲ್ಲಿ ಬಿಚ್ಚಬೇಕು, ಯಾವ ಹೊತ್ತಿನಲ್ಲಿ ಮಡಿಸಬೇಕೆಂಬುದನ್ನು ಹಿರಿಯರಿಂದ ಕಲಿತವನೇ ಇದನ್ನು ಆಡಿರಬೇಕು. ಹೊಸ ಹಣವನ್ನು ಕಂಡು ಹಳೆಯ ಹಣ ನಕ್ಕ ನಗು ಇದು. ಈ ನಗು ಕೇಳಿಸದ ದೇಶವಿಲ್ಲ.

ನಾನು ಪಾಠ ಹೇಳುವ ತರಗತಿಗಳಲ್ಲಿ ತಮ್ಮ ಮನೆತನದಿಂದ ಮೊಟ್ಟಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗರೂ ಹುಡುಗಿಯರೂ ಬಹಳ ಮಂದಿ ಇದ್ದಾರೆ. ಪರೀಕ್ಷೆಗೆ ಅಂಜದ ಇವರು ದೊಡ್ಡವರ ಮನೆಯ ಊಟಕ್ಕೆ ಕರೆ ಬಂದರೆ ಅಂಜುತ್ತಾರೆ. ಯಾವ ಕುರ್ಚಿಯಲ್ಲಿ ಕೂಡಬೇಕು, ಯಾವ ಚಮಚವನ್ನು ಮೊದಲು ಎತ್ತಿಕೊಳ್ಳಬೇಕು, ಎಷ್ಟು ಮಾತಾಡಬೇಕು ಎಂದು ಒಳಗೊಳಗೇ ಬೆವರುತ್ತಾರೆ. ದೊಡ್ಡ ಮನೆಯಲ್ಲಿ ಹುಟ್ಟಿದವರಿಗೆ ಈ ಅಂಜಿಕೆಯೇ ಇಲ್ಲ, ನಿಸ್ಸಂಕೋಚವೆಂಬುದು ಅವರ ರಕ್ತದಲ್ಲಿಯೇ ಹರಿದುಬಂದಿದೆ ಎಂಬುದು ಇವರ ದೃಢವಾದ ನಂಬಿಕೆ. ಈ ನಂಬಿಕೆ ಎಷ್ಟು ಪೊಳ್ಳೆಂಬುದನ್ನು ತೋರಿಸಲು ನಾನು ಒಬ್ಬ ಲೇಖಕಿಯ ಜೀವನವನ್ನು ಹೇಳುವುದುಂಟು. ಆಕೆ ಎಡಿತ್ ವಾರ್ಟನ್. ಅಮೆರಿಕದ ಹಳೆಯ ಹಣದ ಮಡಿಲಲ್ಲಿ ಹುಟ್ಟಿ, ಅದರ ಶಿಷ್ಟಾಚಾರದಲ್ಲಿ ಬೆಳೆದು, ಅದರಿಂದ ನೊಂದು, ಕೊನೆಗೆ ಅದನ್ನು ಕುರಿತೇ ಅಮೆರಿಕದ ಶ್ರೇಷ್ಠ ಕಾದಂಬರಿಗಳಲ್ಲಿ ಕೆಲವನ್ನು ಬರೆದವಳು.

ಆಕೆ ಹುಟ್ಟಿದ್ದು 1862ನೆಯ ಇಸವಿ ಜನವರಿ 24ರಂದು, ನ್ಯೂಯಾರ್ಕ್ ನಗರದ ಇಪ್ಪತ್ತಮೂರನೆಯ ಬೀದಿಯ ಮನೆಯೊಂದರಲ್ಲಿ. ತಂದೆ ಜಾರ್ಜ್ ಫ್ರೆಡರಿಕ್ ಜೋನ್ಸ್, ತಾಯಿ ಲುಕ್ರೀಷಿಯಾ. ಇಬ್ಬರು ಅಣ್ಣಂದಿರು, ಇಬ್ಬರೂ ಆಕೆಗಿಂತ ಹತ್ತು ವರ್ಷಕ್ಕೂ ಮೇಲ್ಪಟ್ಟು ಹಿರಿಯರು. ತಂದೆ ಯಾವ ಉದ್ಯೋಗದಲ್ಲೂ ಇದ್ದವನಲ್ಲ. ನಗರದೊಳಗಿನ ಸ್ಥಿರಾಸ್ತಿಯಿಂದ ಬರುವ ಉತ್ಪನ್ನ ಸಂಸಾರಕ್ಕೆ ಸಾಕಾಗಿತ್ತು. ನ್ಯೂಯಾರ್ಕಿನ ಶ್ರೀಮಂತ ಸಮಾಜದ ಅನಭಿಷಿಕ್ತ ರಾಣಿಯೆನಿಸಿದ್ದ ಶ್ರೀಮತಿ ಆಸ್ಟರ್ ಈ ತಂದೆಗೆ ಹತ್ತಿರದ ಬಂಧು. ಆಸ್ಟರ್ ಮನೆಯ ನೃತ್ಯಶಾಲೆಯಲ್ಲಿ ನಾನೂರು ಜನಕ್ಕೆ ಮಾತ್ರ ಸ್ಥಳವೆಂದೂ, ಆದುದರಿಂದ ನ್ಯೂಯಾರ್ಕಿನಲ್ಲಿ ಲೆಕ್ಕಕ್ಕೆ ಬರುವ ಜನ ಅಷ್ಟೇ ಎಂದೂ ಹೇಳಿಕೊಳ್ಳುತ್ತಿದ್ದ ಕಾಲವದು.

ಈ ಸಮಾಜಕ್ಕೆ ಬರೆದಿಟ್ಟ ಶಾಸನವಿರಲಿಲ್ಲ. ಎಲ್ಲರಿಗೂ ಬಾಯಿಪಾಠವಾದ ಶಾಸನವಿತ್ತು. ಊಟದ ಮೇಜಿನಲ್ಲಿ ಹಣದ ಮಾತೆತ್ತಕೂಡದು. ಅಂಗಡಿಯಿಟ್ಟು ಹಣಗಳಿಸಿದವನು ಎಷ್ಟೇ ಸಿರಿವಂತನಾಗಲಿ ಅವನನ್ನು ಮನೆಗೆ ಕರೆಯಕೂಡದು. ಉಡುಪನ್ನು ಪ್ಯಾರಿಸಿನಿಂದಲೇ ತರಿಸಬೇಕು, ಆದರೆ ಅದು ಬಂದ ವರ್ಷವೇ ತೊಡಕೂಡದು. ಕಾಲಕ್ಕೆ ಮುಂಚೆ ಹೊಸದನ್ನು ತೊಡುವುದು ಹೊಸಬರ ಲಕ್ಷಣ. ಪೆಟ್ಟಿಗೆಯಲ್ಲಿ ಎರಡು ವರ್ಷ ಮಡಿಸಿಟ್ಟು ಹೊಸತನದ ಮೆರುಗು ಆರಿದ ಮೇಲೆ ತೊಡುವುದು ಮನೆತನದ ಲಕ್ಷಣ. ಈ ಕೊನೆಯ ಪದ್ಧತಿಯನ್ನು ಎಡಿತ್ ಮುಂದೆ ತನ್ನ ಕಾದಂಬರಿಯಲ್ಲಿ ಒಬ್ಬ ವೃದ್ಧೆಯ ಬಾಯಿಂದ ನಗೆ ಬರುವಂತೆ ಹೇಳಿಸಿದ್ದಾಳೆ.

ಹಬ್ಬಹರಿದಿನಗಳಲ್ಲಿ, ರಜೆಯ ದಿನಗಳಲ್ಲಿ ಈ ಶಾಸನ ಸಡಿಲವಾಗುತ್ತಿರಲಿಲ್ಲ, ಇನ್ನಷ್ಟು ಬಿಗಿಯಾಗುತ್ತಿತ್ತು. ಡಚ್ಚರ ಕಾಲದಿಂದ ಉಳಿದುಬಂದಿದ್ದ ಒಂದು ಆಚಾರದ ಪ್ರಕಾರ ವರ್ಷದ ಮೊದಲ ದಿನ ಹೆಂಗಸರು ಸಿಂಗರಿಸಿಕೊಂಡು ಮನೆಯಲ್ಲಿರಬೇಕು. ಗಂಡಸರು ಮನೆಯಿಂದ ಮನೆಗೆ ಹೋಗಿ ಶುಭ ಕೋರಿ, ಮೇಜಿನ ಮೇಲಿಟ್ಟ ತಿಂಡಿಪಾನೀಯಗಳನ್ನು ಮುಟ್ಟಿ, ಮುಂದಿನ ಮನೆಗೆ ಸಾಗಬೇಕು. ಯಾರು ಬಂದರು, ಯಾರು ಬರಲಿಲ್ಲ ಎಂಬುದರಲ್ಲಿ ಒಂದು ವರ್ಷದ ಮಾನಾಪಮಾನಗಳ ಲೆಕ್ಕವಿತ್ತು. ಬೇಸಗೆಯಲ್ಲಿ ಇಡೀ ಸಮಾಜವೇ ಕಡಲ ತೀರದ ನ್ಯೂಪೋರ್ಟಿಗೆ ವಲಸೆ ಹೋಗುತ್ತಿತ್ತು. ಅಲ್ಲಿ ಮಧ್ಯಾಹ್ನದ ವಿನೋದವೆಂದರೆ ಸಾರೋಟಿನಲ್ಲಿ ಕುಳಿತು ಕಡಲ ಹಾದಿಯಲ್ಲಿ ಹೋಗಿಬರುವುದು. ಕುದುರೆ ಜೂಜಿಗೆ ಹೊರಟವರಂತೆ ಅಲಂಕರಿಸಿಕೊಂಡ ಮಹಿಳೆಯರು ಎದುರುಬದುರಾಗಿ ಹಾಯುತ್ತಿದ್ದರು. ಅದೇ ಪರಿಚಿತರು ಅದೇ ಹಾದಿಯಲ್ಲಿ ಮತ್ತೆ ಮತ್ತೆ ಎದುರಾಗುವರಷ್ಟೆ, ಅದಕ್ಕೂ ಕ್ರಮವುಂಟು. ಮೊದಲ ಸಲ ತಲೆಬಾಗಿ ಗಂಭೀರವಾದ ವಂದನೆ. ಎರಡನೆಯ ಸಲ ಒಂದು ಮುಗುಳ್ನಗೆ. ಮೂರನೆಯ ಸಲ ಕಂಡರೂ ಕಾಣದಂತೆ ದೃಷ್ಟಿಯನ್ನು ಬೇರೆ ಕಡೆಗೆ ಹೊರಳಿಸಬೇಕು. ಇದನ್ನು ಎಡಿತ್ ತನ್ನ ಮುಪ್ಪಿನಲ್ಲಿ ಬರೆದ ಆತ್ಮಕಥೆಯಲ್ಲಿ ನೆನೆದಿದ್ದಾಳೆ. ರಜೆಯೆಂಬುದು ವಿಶ್ರಾಂತಿಯಾಗಿರಲಿಲ್ಲ, ಎಲ್ಲರೂ ಎಲ್ಲರನ್ನೂ ಪರೀಕ್ಷಿಸುವ ಕಾಲವಾಗಿತ್ತು.

ಈ ಪರೀಕ್ಷೆಯಲ್ಲಿ ಎಂದೂ ತಪ್ಪದ ಹೆಂಗಸು ತಾಯಿ ಲುಕ್ರೀಷಿಯಾ. ಎಡಿತ್ ಹನ್ನೊಂದು ವರ್ಷದವಳಾಗಿದ್ದಾಗ ಮೊದಲ ಕಥೆಯನ್ನು ಬರೆಯಲು ತೊಡಗಿದಳು. ಕಥೆಯ ಮೊದಲಲ್ಲಿ ಒಬ್ಬ ಗೃಹಿಣಿಯ ಮನೆಗೆ ಇನ್ನೊಬ್ಬಳು ಹೇಳದೆ ಬರುತ್ತಾಳೆ. ಬರುವಿರೆಂದು ತಿಳಿದಿದ್ದರೆ ದಿವಾನಖಾನೆಯನ್ನು ಅಚ್ಚುಕಟ್ಟು ಮಾಡಿರುತ್ತಿದ್ದೆನೆಂದು ಗೃಹಿಣಿ ಸಂಕೋಚಪಡುತ್ತಾಳೆ. ಹುಡುಗಿ ಸಂಭ್ರಮದಿಂದ ಇದನ್ನು ತಾಯಿಗೆ ತೋರಿಸಿದಳು. ತಾಯಿ ಓದಿದಳು. ದಿವಾನಖಾನೆ ಯಾವಾಗಲೂ ಅಚ್ಚುಕಟ್ಟಾಗಿಯೇ ಇರುತ್ತದೆಂದು ತಣ್ಣಗೆ ಹೇಳಿ ಹಾಳೆಯನ್ನು ಹಿಂದಕ್ಕೆ ಕೊಟ್ಟಳು. ಕಥೆ ಅಲ್ಲಿಗೇ ನಿಂತಿತು. ಒಂದು ಸಮಾಜದ ಸಂಪೂರ್ಣ ಚಿತ್ರ ಆ ಒಂದು ಮಾತಿನಲ್ಲಿದೆ. ಅತಿಥಿಯ ಕಣ್ಣಿಗೆ ಬೀಳಬಾರದ್ದು ಆ ಮನೆಗಳಲ್ಲಿ ಇರಲೇಕೂಡದು. ಇದ್ದರೂ ಅದಕ್ಕೆ ಹೆಸರಿರಕೂಡದು.

ಮದುವೆಯಾಗುವ ತನಕ ಕಾದಂಬರಿ ಓದಕೂಡದೆಂದು ತಾಯಿ ಕಟ್ಟಪ್ಪಣೆ ಮಾಡಿದಳು. ಮಗಳು ಅದನ್ನು ಪಾಲಿಸಿದಳು. ಆದರೆ ತಂದೆಯ ಪುಸ್ತಕದ ಕೋಣೆಯಲ್ಲಿ ಕಾವ್ಯ, ಚರಿತ್ರೆ, ತತ್ತ್ವಶಾಸ್ತ್ರಗಳಿಗೆ ಅಡ್ಡಿಯಿರಲಿಲ್ಲ. ಶಾಲೆಯ ಮುಖ ಕಾಣದ ಹುಡುಗಿ ಅಲ್ಲಿ ನೆಲದ ಮೇಲೆ ಕುಳಿತು ಓದಿ ವಿದ್ಯಾವಂತೆಯಾದಳು. ಬರೆಯಲು ಕಾಗದವನ್ನು ಯಾರೂ ಕೊಡುತ್ತಿರಲಿಲ್ಲ. ಮನೆಗೆ ಬರುತ್ತಿದ್ದ ಕಟ್ಟುಗಳಿಗೆ ಸುತ್ತಿದ ಕಂದು ಕಾಗದವನ್ನು ಬೇಡಿ ಪಡೆದು, ನೆಲದ ಮೇಲೆ ಹರವಿಕೊಂಡು ಅದರ ಮೇಲೆ ಬರೆಯುತ್ತಿದ್ದಳು. ಪ್ಯಾರಿಸಿನ ರೇಷ್ಮೆಗೆ ಕೊರತೆಯಿಲ್ಲದ ಮನೆಯಲ್ಲಿ ಮಗಳ ಬರವಣಿಗೆಗೆ ಒಂದು ದಸ್ತು ಕಾಗದ ಒದಗಲಿಲ್ಲ.

1879ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಆಕೆಯನ್ನು ವಿಧಿಪೂರ್ವಕವಾಗಿ ಸಮಾಜಕ್ಕೆ ಪರಿಚಯಿಸಿದರು. ಶ್ರೀಮಂತರೊಬ್ಬರ ಮನೆಯ ನೃತ್ಯಕೂಟ. ಎಲ್ಲ ನಿಯಮಗಳನ್ನೂ ಅರೆದು ಕುಡಿದಿದ್ದ ಹುಡುಗಿ ಅಂದು ತಾಯಿಯ ಪಕ್ಕದಲ್ಲಿ ಮುದುಡಿ ನಿಂತುಬಿಟ್ಟಳು. ಅಣ್ಣ ಕರೆತಂದ ಸ್ನೇಹಿತರು ಸೌಜನ್ಯದಿಂದ ಮಾತಾಡಿಸಿದರೂ ಬಾಯಿ ಹೊರಳಲಿಲ್ಲ. ಇಲ್ಲಿ ನನ್ನ ವಿದ್ಯಾರ್ಥಿಗಳು ಅಚ್ಚರಿಪಡುತ್ತಾರೆ. ನಿಯಮ ಗೊತ್ತಿಲ್ಲದವನ ಅಂಜಿಕೆ ಒಂದು ಬಗೆ. ನಿಯಮ ಗೊತ್ತಿದ್ದವಳ ಅಂಜಿಕೆ ಅದಕ್ಕಿಂತ ಹೆಚ್ಚಿನದು. ತಪ್ಪಿದರೆ ಏನಾಗುತ್ತದೆಂಬುದನ್ನು ಆಕೆ ಬಾಲ್ಯದಿಂದಲೂ ಕಂಡಿದ್ದಳು.

1885ರ ಏಪ್ರಿಲ್ 29ರಂದು ಬಾಸ್ಟನ್ನಿನ ಎಡ್ವರ್ಡ್ ವಾರ್ಟನ್ ಎಂಬಾತನೊಡನೆ ಮದುವೆ ನಡೆಯಿತು. ತಾಯಿ ಹೊರಡಿಸಿದ ಆಮಂತ್ರಣ ಪತ್ರಿಕೆಯಲ್ಲಿ ತಾಯಿಯ ಹೆಸರಿತ್ತು, ವರನ ಹೆಸರಿತ್ತು. ವಧುವಿನ ಹೆಸರೇ ಇರಲಿಲ್ಲ. ಗಂಡ ಆಕೆಗಿಂತ ಹನ್ನೆರಡು ವರ್ಷ ಹಿರಿಯ, ನಾಯಿ, ಕುದುರೆ, ಬೇಟೆಗಳಲ್ಲಿ ಆಸಕ್ತ, ಸ್ವಭಾವದಲ್ಲಿ ಒಳ್ಳೆಯವನು. ಪುಸ್ತಕ ಮಾತ್ರ ಅವನಿಗೆ ಬೇಡ. ನೋಡುವವರಿಗೆ ದೋಷವೇ ಕಾಣದ ದಾಂಪತ್ಯ. ಒಳಗೆ ಮಾತಿಲ್ಲದ ಮನೆ. ವರ್ಷಗಟ್ಟಲೆ ಆಕೆ ದಣಿವು, ಓಕರಿಕೆ, ಮಂಕುಗಳಿಂದ ನರಳಿದಳು.

ಆ ಕಾಲದ ಆಕೆಯ ಸ್ಥಿತಿಯನ್ನು ತಿಳಿಯಲು ಒಂದು ಪ್ರಸಂಗ ಸಾಕು. ಕಾದಂಬರಿಕಾರ ಹೆನ್ರಿ ಜೇಮ್ಸನನ್ನು ಕಾಣಬೇಕೆಂಬ ಹಂಬಲ ಆಕೆಗೆ ಬಹಳವಾಗಿತ್ತು. ಪ್ಯಾರಿಸಿನ ಊಟವೊಂದಕ್ಕೆ ಇಬ್ಬರಿಗೂ ಕರೆ ಬಂದಾಗ, ಹೇಳಲು ತನ್ನಲ್ಲಿ ಏನೂ ಇಲ್ಲವೆಂದು ನಂಬಿದ್ದ ಆಕೆ ತನ್ನ ಅತ್ಯುತ್ತಮವಾದ ಹೊಸ ಉಡುಪನ್ನು ತೊಟ್ಟು ಹೋದಳು. ಆತ ಗಮನಿಸಲೇ ಇಲ್ಲ. ಕೆಲವು ವರ್ಷಗಳ ಮೇಲೆ ವೆನಿಸಿನಲ್ಲಿ ಮತ್ತೆ ಅವಕಾಶ ಒದಗಿತು. ಈ ಸಲ ಸೊಗಸಾದ ಹೊಸ ಟೋಪಿ. ಆತ ಟೋಪಿಯನ್ನೂ ನೋಡಲಿಲ್ಲ, ಟೋಪಿಯ ಕೆಳಗಿದ್ದವಳನ್ನೂ ನೋಡಲಿಲ್ಲ. ಮುಂದೆ ಆಕೆಯ ಕಥೆಗಳು ಪ್ರಕಟವಾಗಿ, ಆಡಲು ಸ್ವಂತ ಮಾತು ಹುಟ್ಟಿದ ಮೇಲೆ ಇಬ್ಬರೂ ಸೇರಿದಾಗ ಏನು ತೊಟ್ಟಿದ್ದೆನೆಂಬ ಯೋಚನೆಯೇ ಆಕೆಗೆ ಬರಲಿಲ್ಲ. ಆಗ ಬೆಳೆದ ಸ್ನೇಹ ಜೇಮ್ಸ್ 1916ರಲ್ಲಿ ತೀರಿಕೊಳ್ಳುವವರೆಗೂ ಉಳಿಯಿತು. ಆಕೆಗೆ ಧೈರ್ಯ ಬಂದದ್ದು ಮನೆತನದಿಂದಲ್ಲ, ಕೆಲಸದಿಂದ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆಕೆಯ ಮೊದಲ ದೊಡ್ಡ ಪುಸ್ತಕ ಕಾದಂಬರಿಯಲ್ಲ. 1897ರಲ್ಲಿ ಆಗ್ಡನ್ ಕಾಡ್‌ಮನ್ ಎಂಬ ವಾಸ್ತುಶಿಲ್ಪಿಯೊಡನೆ ಬರೆದ, ಮನೆಯ ಅಲಂಕರಣವನ್ನು ಕುರಿತ ಗ್ರಂಥ. ನೋಡುವವರಿಗಾಗಿ ಸಿಂಗರಿಸಿ, ಮನೆಯವರು ಕಾಲಿಡದ ಕೋಣೆ ವ್ಯರ್ಥವೆಂದೂ, ಕಿಟಕಿಗೆ ದಪ್ಪ ತೆರೆ, ಮೂಲೆಮೂಲೆಗೆ ಬೊಂಬೆ ಎಂದು ತುಂಬುವುದು ಸೌಂದರ್ಯವಲ್ಲವೆಂದೂ, ಕೋಣೆ ಅಲ್ಲಿ ಬಾಳುವವರ ಉಪಯೋಗಕ್ಕೆ ತಕ್ಕಂತಿರಬೇಕೆಂದೂ ಅದರಲ್ಲಿ ವಾದಿಸಿದ್ದಾರೆ. ಯಾವಾಗಲೂ ಅಚ್ಚುಕಟ್ಟಾಗಿರುವ ತಾಯಿಯ ದಿವಾನಖಾನೆಗೆ ಮಗಳು ಇಪ್ಪತ್ತನಾಲ್ಕು ವರ್ಷಗಳ ತರುವಾಯ ಕೊಟ್ಟ ಉತ್ತರವೆಂದು ಇದನ್ನು ನಾನು ಓದಿಕೊಳ್ಳುತ್ತೇನೆ.

ಉತ್ತರ ಪುಸ್ತಕದಲ್ಲಿಯೇ ನಿಲ್ಲಲಿಲ್ಲ. ಮ್ಯಾಸಚೂಸೆಟ್ಸಿನ ಲೆನಾಕ್ಸಿನಲ್ಲಿ ಆಕೆ ಕಟ್ಟಿಸಿದ ‘ಮೌಂಟ್’ ಎಂಬ ಮನೆ 1902ರಲ್ಲಿ ವಾಸಕ್ಕೆ ಸಿದ್ಧವಾಯಿತು. ರಜೆಯ ದಿನಗಳಲ್ಲಿ ಅಲ್ಲಿಗೆ ಸ್ನೇಹಿತರು ಬರುತ್ತಿದ್ದರು. 1904ರಲ್ಲಿ ಜೇಮ್ಸನೂ ಬಂದ. ಬೆಳಗಿನ ಹೊತ್ತು ಆತಿಥೇಯಳು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹಾಸಿಗೆಯಲ್ಲಿ ಒರಗಿಕೊಂಡು ಬರೆದು, ಬರೆದ ಹಾಳೆಯನ್ನು ನೆಲಕ್ಕೆ ಬಿಡುತ್ತಿದ್ದಳು. ಅವನ್ನು ಆಯ್ದು ಬೆರಳಚ್ಚು ಮಾಡಿಸುತ್ತಿದ್ದರು. ಅತಿಥಿಗಳಿಗೂ ಬೆಳಗಿನ ಹೊತ್ತು ಅವರವರ ಪಾಲಿನದು: ಓದಲಿ, ಬರೆಯಲಿ, ತೋಟದಲ್ಲಿ ಅಡ್ಡಾಡಲಿ. ಮಧ್ಯಾಹ್ನದ ಹೊತ್ತಿಗೆ ಆಕೆ ಇಳಿದುಬಂದಳೆಂದರೆ ಉಳಿದ ದಿನವೆಲ್ಲ ಅವರದು. ಆಗತಾನೆ ಬಂದಿದ್ದ ಮೋಟಾರು ಕಾರಿನಲ್ಲಿ ಗುಡ್ಡಗಾಡಿನ ಸುತ್ತಾಟ, ಬುತ್ತಿಯೂಟ, ರಾತ್ರಿ ಗಟ್ಟಿಯಾಗಿ ಕಾವ್ಯದ ಓದು. ಊಟದ ಮೇಜು ದುಂಡಗಿನದು. ಕುಳಿತುಕೊಳ್ಳುವವರು ಕೆಲವೇ ಜನ. ಆದ್ದರಿಂದ ಮಾತು ಒಂದೇ ಆಗಿರುತ್ತಿತ್ತು, ಯಾರೂ ಅಂಚಿನಲ್ಲಿ ಉಳಿಯುತ್ತಿರಲಿಲ್ಲ. ಗಮನಿಸಬೇಕಾದುದೆಂದರೆ, ಶಿಷ್ಟಾಚಾರವನ್ನು ಆಕೆ ತೊರೆಯಲಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಅಚ್ಚುಕಟ್ಟಾದ ಉಡುಪು, ಚೊಕ್ಕಟವಾದ ಬಡಿಕೆ ಎಲ್ಲವೂ ಇದ್ದುವು. ಆದರೆ ಅವು ಅತಿಥಿಯನ್ನು ಅಳೆಯುವ ಕೋಲಾಗಿರಲಿಲ್ಲ. ಅತಿಥಿಯ ಚಿಂತೆಯನ್ನು ಕಳೆಯುವ ಉಪಾಯವಾಗಿದ್ದುವು.

1905ರಲ್ಲಿ ‘ಹೌಸ್ ಆಫ್ ಮರ್ತ್’ ಹೊರಬಂತು. ಹಣವಿಲ್ಲದ, ಹಣವಂತರ ನಡುವೆಯೇ ಬಾಳಬೇಕಾದ ಲಿಲಿ ಬಾರ್ಟ್ ಎಂಬ ಚೆಲುವೆ ರಜೆಯ ಕೂಟಗಳಲ್ಲಿ ಅತಿಥಿಯಾಗಿ, ಇಸ್ಪೀಟಾಟದಲ್ಲಿ ಸೋತು, ಆತಿಥೇಯಳ ಕಾಗದಪತ್ರಗಳನ್ನು ಬರೆದುಕೊಟ್ಟು ಋಣ ತೀರಿಸುತ್ತ, ಮೆಟ್ಟಿಲು ಮೆಟ್ಟಿಲಾಗಿ ಜಾರಿ ಬಾಡಿಗೆ ಕೋಣೆಯಲ್ಲಿ ಸಾಯುವ ಕಥೆ. ವರ್ಷ ಮುಗಿಯುವುದರೊಳಗೆ ಲಕ್ಷಕ್ಕೂ ಮೀರಿ ಪ್ರತಿಗಳು ಅಚ್ಚಾದುವು. ದೇಶವೆಲ್ಲ ಓದಿದ ಈ ಪುಸ್ತಕಗಳ ವಿಷಯವನ್ನು ಬಂಧುಗಳು ಮಾತ್ರ ಎತ್ತಲೇ ಇಲ್ಲ. ಹೊಗಳಲಿಲ್ಲ, ತೆಗಳಲಿಲ್ಲ, ಮನೆತನಕ್ಕೆ ತಗುಲಿದ ಕಳಂಕವನ್ನು ಮುಚ್ಚುವಂತೆ ಮೌನವಾಗಿದ್ದರು. ಕಂಡರೂ ಕಾಣದಂತೆ ದೃಷ್ಟಿ ಹೊರಳಿಸುವುದನ್ನು ಅವರು ನ್ಯೂಪೋರ್ಟಿನಲ್ಲಿ ಚೆನ್ನಾಗಿ ಕಲಿತಿದ್ದರಲ್ಲವೆ?

ಶಿಷ್ಟಾಚಾರದ ಎರಡು ಮುಖಗಳನ್ನು ಆಕೆ ಪೂರ್ತಿಯಾಗಿ ತೋರಿಸಿದ್ದು 1920ರ ‘ಏಜ್ ಆಫ್ ಇನ್ನೊಸೆನ್ಸ್’ ಕಾದಂಬರಿಯಲ್ಲಿ. ಅದರಲ್ಲಿ ಎರಡು ಔತಣಗಳಿವೆ. ಗಂಡನನ್ನು ಬಿಟ್ಟು ಯೂರೋಪಿನಿಂದ ತವರಿಗೆ ಬಂದ ಎಲೆನ್ ಒಲೆನ್ಸ್ಕಾಳನ್ನು ಬರಮಾಡಿಕೊಳ್ಳಲು ಕುಟುಂಬದವರು ಕಳಿಸಿದ ಕರೆಯನ್ನು ಬಹುಮಟ್ಟಿಗೆ ಎಲ್ಲರೂ ನಿರಾಕರಿಸುತ್ತಾರೆ. ಆಗ ಊರಿನ ಅತ್ಯಂತ ಪ್ರತಿಷ್ಠಿತ ವೃದ್ಧ ದಂಪತಿಗಳು ತಮ್ಮ ಮನೆಯ ಔತಣಕ್ಕೆ ಅವಳನ್ನು ಕರೆಯುತ್ತಾರೆ. ಅಷ್ಟೆ, ಮುಚ್ಚಿದ ಬಾಗಿಲುಗಳೆಲ್ಲ ತೆರೆಯುತ್ತವೆ. ಒಂದು ಕರೆಯೋಲೆ ಒಬ್ಬ ಹೆಂಗಸಿನ ಮಾನವನ್ನು ಉಳಿಸಬಲ್ಲುದು. ಕೊನೆಯ ಔತಣ ಅವಳನ್ನು ಬೀಳ್ಕೊಡುವುದಕ್ಕೆ. ಹೂವು, ಪಾನೀಯ, ಕೈಯಿಂದ ಬರೆದ ಭಕ್ಷ್ಯಪಟ್ಟಿ, ಬಂಧುಗಳ ಅಕ್ಕರೆಯ ಮಾತು, ಒಂದಕ್ಕೂ ಕೊರತೆಯಿಲ್ಲ. ಆ ಅಕ್ಕರೆಯ ನಡುವೆ ಕುಳಿತ ನಾಯಕ ನ್ಯೂಲೆಂಡ್ ಆರ್ಚರನಿಗೆ ತಟ್ಟನೆ ತಿಳಿಯುತ್ತದೆ: ತನ್ನನ್ನೂ ಎಲೆನಳನ್ನೂ ಇವರೆಲ್ಲ ಎಂದೋ ತಪ್ಪಿತಸ್ಥರೆಂದು ತೀರ್ಮಾನಿಸಿದ್ದಾರೆ, ಈ ಔತಣವೇ ಶಿಕ್ಷೆ. ಒಂದು ಒರಟು ಮಾತಿಲ್ಲ, ಒಂದು ಹನಿ ರಕ್ತವಿಲ್ಲ. ಅದೇ ಮೇಜು, ಅದೇ ಬೆಳ್ಳಿಯ ತಟ್ಟೆ. ಒಮ್ಮೆ ಕಾಪಾಡಿತು, ಒಮ್ಮೆ ಕೊಂದಿತು. ಈ ಕಾದಂಬರಿಗೆ 1921ರಲ್ಲಿ ಪುಲಿಟ್ಜರ್ ಬಹುಮಾನ ಬಂತು. ಕಾದಂಬರಿಗಾಗಿ ಅದನ್ನು ಪಡೆದ ಮೊದಲ ಮಹಿಳೆ ಆಕೆ.

1924ರಲ್ಲಿ ಪ್ರಕಟವಾದ ‘ಓಲ್ಡ್ ನ್ಯೂಯಾರ್ಕ್’ ಎಂಬ ನಾಲ್ಕು ನೀಳ್ಗತೆಗಳಲ್ಲಿ ಕೊನೆಯದರ ಹೆಸರೇ ಹೊಸವರ್ಷದ ದಿನ. ಹಬ್ಬಕ್ಕೆ ಅಜ್ಜಿಯ ಮನೆಯಲ್ಲಿ ಕುಟುಂಬ ಸೇರಿದೆ. ಎದುರಿನ ಹೋಟೆಲಿಗೆ ಬೆಂಕಿ ಬಿದ್ದು ಜನ ಹೊರಗೋಡುತ್ತಾರೆ. ಕಿಟಕಿಯಿಂದ ನೋಡುತ್ತಿದ್ದವರಿಗೆ ಆ ಜನದ ನಡುವೆ ಪರಪುರುಷನೊಡನೆ ಹೊರಬಂದ ಒಬ್ಬ ಪರಿಚಿತ ಗೃಹಿಣಿ ಕಾಣುತ್ತಾಳೆ. ಅಂದಿನಿಂದ ಅವಳ ಹೆಸರು ಕೆಟ್ಟಿತು. ಕಾಯಿಲೆಯಿಂದ ಸಾಯುತ್ತಿದ್ದ, ತಾನು ಪ್ರಾಣದಂತೆ ಪ್ರೀತಿಸಿದ ಗಂಡನ ಆರೈಕೆಗೆ ಬೇಕಾದ ಹಣಕ್ಕಾಗಿ ಅವಳು ಹಾಗೆ ಮಾಡಿದಳೆಂಬುದನ್ನು ಆ ಕಿಟಕಿಯಲ್ಲಿ ನಿಂತವರು ಯಾರೂ ಕೇಳಲಿಲ್ಲ. ಎಡಿತ್ ಹುಟ್ಟಿದ ಬೀದಿಯಲ್ಲಿಯೇ ನಡೆಯುವ ಕಥೆಯಿದು. ಆ ಕಿಟಕಿಯನ್ನು ಆಕೆ ಒಳಗಿನಿಂದ ಬಲ್ಲಳು.

ಅಷ್ಟು ಹೊತ್ತಿಗೆ ಆಕೆಯ ಬಾಳೇ ಆ ಊರನ್ನು ಬಿಟ್ಟು ಬಹಳ ದೂರ ಬಂದಿತ್ತು. 1907ರಿಂದ ಪ್ಯಾರಿಸಿನಲ್ಲಿ ವಾಸ. ಗಂಡನ ಮನಸ್ಸು ಸ್ತಿಮಿತ ತಪ್ಪಿತು. ಆಕೆಯ ಹಣವನ್ನು ಆತ ಹಾಳುಮಾಡಿದ್ದು 1909ರಲ್ಲಿ ಬಯಲಾಯಿತು. 1911ರಲ್ಲಿ ಮೌಂಟ್ ಮಾರಾಟವಾಯಿತು. 1913ರಲ್ಲಿ ವಿವಾಹ ವಿಚ್ಛೇದನ. ತಾಯಿಯ ನ್ಯೂಯಾರ್ಕಿನಲ್ಲಿ ಈ ಶಬ್ದವನ್ನು ಬಾಯಲ್ಲಿ ಆಡುವಂತಿರಲಿಲ್ಲ.

ಮರುವರ್ಷ ಯುದ್ಧ. 1914ರ ಆಗಸ್ಟಿನಲ್ಲಿ ಪ್ಯಾರಿಸಿನ ಹೊಲಿಗೆಯ ಹೆಂಗಸರು ಕೆಲಸ ಕಳೆದುಕೊಂಡರು. ಎಡಿತ್ ಅವರಿಗಾಗಿ ಹೊಲಿಗೆಯ ಕಾರ್ಯಾಲಯವನ್ನು ತೆರೆದು ಕೂಲಿಯನ್ನೂ ಮಧ್ಯಾಹ್ನದ ಊಟವನ್ನೂ ಕೊಟ್ಟಳು. ಅನಂತರ ನಿರಾಶ್ರಿತರಿಗೆ ವಸತಿಗೃಹಗಳು; ಬೆಲ್ಜಿಯಮ್ಮಿನಿಂದ ಬಂದ ನೂರಾರು ಮಕ್ಕಳಿಗೆ ಆಶ್ರಯ; ಕ್ಷಯರೋಗಿಗಳಿಗೆ ಆರೋಗ್ಯಧಾಮ. ದಿವಾನಖಾನೆಯ ವಿದ್ಯೆಯೆಲ್ಲ ಇಲ್ಲಿ ಕೆಲಸಕ್ಕೆ ಬಂತು. ಯಾರಿಗೆ ಹೇಗೆ ಕಾಗದ ಬರೆದರೆ ಹಣ ಬರುತ್ತದೆ, ಯಾರ ಪಕ್ಕದಲ್ಲಿ ಯಾರನ್ನು ಕೂರಿಸಿದರೆ ಕೆಲಸವಾಗುತ್ತದೆ, ಯಾವ ಅಧಿಕಾರಿಯ ಬಾಗಿಲನ್ನು ಯಾವಾಗ ತಟ್ಟಬೇಕು, ಇದೆಲ್ಲ ಆಕೆಗೆ ಕರತಲಾಮಲಕ. ನಿರಾಶ್ರಿತರ ಸಹಾಯಾರ್ಥವಾಗಿ 1916ರಲ್ಲಿ ಆಕೆ ಸಂಪಾದಿಸಿದ ಗ್ರಂಥಕ್ಕೆ ಹಾರ್ಡಿ, ಯೇಟ್ಸ್, ಕಾನ್ರಾಡ್, ಜೇಮ್ಸ್ ಬರೆದುಕೊಟ್ಟರು. ಮೊನೆ, ರೋಡಾನ್ ಚಿತ್ರ ಕೊಟ್ಟರು. ಅದೇ ವರ್ಷ ಫ್ರೆಂಚ್ ಸರ್ಕಾರ ‘ಲೀಜನ್ ಆಫ್ ಆನರ್’ ಪದವಿಯಿತ್ತು ಗೌರವಿಸಿತು. ಹದಿನೇಳರಲ್ಲಿ ನೃತ್ಯಕೂಟದ ಮೂಲೆಯಲ್ಲಿ ಬಾಯಿಕಟ್ಟಿ ನಿಂತವಳು ಐವತ್ತು ದಾಟಿದ ಮೇಲೆ ಸೇನಾಧಿಪತಿಗಳಿಂದ ಅನುಮತಿ ಪಡೆದು ಯುದ್ಧರಂಗದವರೆಗೂ ಹೋಗಿಬಂದಳು.

ಆಕೆಯನ್ನು ದೋಷರಹಿತೆಯೆಂದು ಚಿತ್ರಿಸುವುದು ಸರಿಯಾಗದು. ಹೊಸಬರನ್ನು ಕಂಡರೆ ಹುಬ್ಬು ಗಂಟಿಕ್ಕುವ ಹುಟ್ಟುಗುಣ ಸುಟ್ಟರೂ ಹೋಗಲಿಲ್ಲ. ‘ಹೌಸ್ ಆಫ್ ಮರ್ತ್’ನ ಯೆಹೂದ್ಯ ವರ್ತಕ ರೋಸ್‌ಡೇಲನ ಚಿತ್ರಣದಲ್ಲಿ ಆಕೆಯ ವರ್ಗದ ದ್ವೇಷ ಬಚ್ಚಿಡಲಾರದಂತೆ ಇದೆ. 1925ರಲ್ಲಿ ತರುಣ ಲೇಖಕ ಸ್ಕಾಟ್ ಫಿಟ್ಸ್‌ಜೆರಾಲ್ಡ್ ತನ್ನ ಹೊಸ ಕಾದಂಬರಿ ‘ಗ್ರೇಟ್ ಗ್ಯಾಟ್ಸ್‌ಬಿ’ಯನ್ನು ಕಳಿಸಿದಾಗ ಆಕೆ ಮೆಚ್ಚಿ ಬರೆದು ಚಹಕ್ಕೆ ಕರೆದಳು. ಹೊಸ ಹಣದ ದುರಂತವನ್ನು ಬರೆದವನು ಹಳೆಯ ಹಣದ ಮಗಳ ಎದುರಿಗೆ ಕುಳಿತ ಆ ಮಧ್ಯಾಹ್ನ ಚೆನ್ನಾಗಿ ಕಳೆಯಲಿಲ್ಲ. ಆ ರಾತ್ರಿ ಆಕೆ ದಿನಚರಿಯಲ್ಲಿ ಅವನ ಹೆಸರಿನ ಮುಂದೆ ಕಂಸದೊಳಗೆ ಒಂದೇ ಒಂದು ನಿಂದೆಯ ಶಬ್ದವನ್ನು ಬರೆದಿಟ್ಟಳು. ಅದು ಲುಕ್ರೀಷಿಯಾಳ ಕಂಠ.

ಆದರೆ ಆಕೆಯ ಕೊನೆಯ ವರ್ಷಗಳ ಚಿತ್ರ ಇದಲ್ಲ. ದಕ್ಷಿಣ ಫ್ರಾನ್ಸಿನ ಇಯೇರ್ ಎಂಬ ಊರಿನ ಗುಡ್ಡದ ಮೇಲಣ ಹಳೆಯ ಮನೆಯಲ್ಲಿ ಚಳಿಗಾಲವನ್ನು ಕಳೆಯುತ್ತಿದ್ದಳು. ಕ್ರಿಸ್‌ಮಸ್ ಬಂದಿತೆಂದರೆ ನಾಲ್ಕಾರು ಹಳೆಯ ಗೆಳೆಯರು ಅಲ್ಲಿಗೆ ಬಂದು ಸೇರುತ್ತಿದ್ದರು. ಮಕ್ಕಳಿಲ್ಲದ, ಬಂಧುಗಳಿಂದ ದೂರವಾದ ಆಕೆಗೆ ಅವರೇ ಸಂಸಾರ. ತೋಟದಲ್ಲಿ ನಡಿಗೆ, ಬೆಂಕಿಯ ಮುಂದೆ ಓದು, ಮಾತು. 1929ರ ಚಳಿಗಾಲದ ಹಿಮ ಆಕೆ ಬೆಳೆಸಿದ ತೋಟವನ್ನೆಲ್ಲ ಸುಟ್ಟಿತು; ಆಕೆ ಮತ್ತೆ ನೆಡಿಸಿದಳು. ನಲವತ್ತಕ್ಕೂ ಹೆಚ್ಚು ವರ್ಷ ಮನೆವಾರ್ತೆ ನೋಡಿಕೊಂಡಿದ್ದ ಕ್ಯಾಥರೀನ್ ಗ್ರೋಸ್ ಮುಪ್ಪಿನಿಂದ ಬುದ್ಧಿ ಮಂಕಾದಾಗ ಕೊನೆಯವರೆಗೂ ಆಕೆಯ ಆರೈಕೆ ಮಾಡಿಸಿದಳು. 1933ರಲ್ಲಿ ಆಕೆ ತೀರಿಕೊಂಡಾಗ ಎಡಿತ್ ಅತ್ತದ್ದು ಸೇವಕಿಗಾಗಿ ಅಲ್ಲ, ತಾಯಿಯಂತಿದ್ದವಳಿಗಾಗಿ.

1937ರ ಆಗಸ್ಟ್ 11ರಂದು ಪ್ಯಾರಿಸಿನ ಸಮೀಪದ ಮನೆಯಲ್ಲಿ ಎಡಿತ್ ವಾರ್ಟನ್ ಕೊನೆಯುಸಿರೆಳೆದಳು. ವರ್ಸೇಲ್ಸಿನ ಸ್ಮಶಾನಕ್ಕೆ ಆಕೆಯನ್ನು ಒಯ್ದದ್ದು ಯುದ್ಧವೀರರಿಗೆ ಸಲ್ಲುವ ಮರ್ಯಾದೆಯೊಡನೆ. ಮನೆತನದಿಂದ ಬಂದ ಮರ್ಯಾದೆಯಾಗಿರಲಿಲ್ಲ ಅದು. ಊರು ಕಳೆದುಕೊಂಡವರಿಗೆ ಅನ್ನವಿಟ್ಟುದರಿಂದ ಬಂದದ್ದು.

ದೊಡ್ಡವರ ಮೇಜಿನ ಮುಂದೆ ಕೂಡಲು ಅಂಜುವ ಹುಡುಗರಿಗೆ ನಾನು ಹೇಳುವುದು ಇಷ್ಟೆ. ಚಮಚದ ಕ್ರಮವನ್ನು ಅರ್ಧ ಗಂಟೆಯಲ್ಲಿ ಕಲಿಯಬಹುದು, ಕಲಿತರೆ ಒಳ್ಳೆಯದೇ. ಆದರೆ ಆ ಮೇಜಿನ ಆಚೆ ಬದಿಯಲ್ಲಿ ನಿಶ್ಚಿಂತೆಯಿಂದ ಕುಳಿತಂತೆ ಕಾಣುವ ಹುಡುಗಿಯೂ ಒಳಗೆ ನಡುಗುತ್ತಿರಬಹುದು. ಅವಳನ್ನು ಒಂದು ಒಳ್ಳೆಯ ಮಾತಿನಿಂದ ಮಾತಾಡಿಸಿ. ಬೇರೆಯವರ ಅಂಜಿಕೆಯನ್ನು ಕಳೆಯಲು ಹೊರಟವನಿಗೆ ತನ್ನ ಅಂಜಿಕೆ ನೆನಪಿಗೆ ಬರುವುದಿಲ್ಲ.